ನೀರು ಕೆಡಿಸಿದವಳು

ತಲೆಯ ಮೇಲೆ ಹೇಲು ಹೊರುವುದನ್ನು ಕಾನೂನು ನಿಲ್ಲಿಸಿದೆ. ಕಸದ ನೀರು ಹೊರುವುದನ್ನು ಯಾರೂ ನಿಲ್ಲಿಸಿಲ್ಲ. ಅಂಥದೊಂದು ಕೆಲಸ ಇದೆ ಎಂದೇ ಯಾರಿಗೂ ಗೊತ್ತಿಲ್ಲ. ನಾನು ಆ ಕೆಲಸ ಮಾಡಿದ್ದೇನೆ. ನನ್ನ ಅತ್ತೆ ಪುತಳಾಬಾಯಿ ನನಗಿಂತ ಹೆಚ್ಚು ಮಾಡಿದ್ದಾಳೆ.

ಕಲಬುರಗಿಯ ಕಸ ಲಾರಿ ಹತ್ತಿ ಕಮಲಾಪುರದ ಹೊರಗೆ, ನಮ್ಮ ಭೀಮನಗರದ ಹಿಂದೆ ಬಂದು ಬೀಳುತ್ತದೆ. ಮೊದಲು ಅಲ್ಲಿ ಗರಸು ಮಣ್ಣು ತೆಗೆದು ಬಿಟ್ಟ ದೊಡ್ಡ ಗುಂಡಿ ಇತ್ತು. ಜಾಗ ದೌಲಪ್ಪ ಸಾವುಕಾರರದು. ನಿರ್ಮಲ ಧರೆ ಎಂಬ ಕಂಪನಿ ಅದನ್ನು ಅವರಿಂದ ಬಾಡಿಗೆಗೆ ಹಿಡಿದ ಮೇಲೆ ಗುಂಡಿ ತುಂಬಿತು. ತುಂಬಿದ್ದು ಗುಡ್ಡವಾಯಿತು. ಜಗತ್ ಸರ್ಕಲ್ಲಿನ ಹೋಟೆಲುಗಳ ಎಂಜಲು, ಶಹಾಬಜಾರದ ಅಂಗಡಿಗಳ ಕೊಳೆತ ಮಾಲು, ದೊಡ್ಡವರ ಮನೆಯ ಹಾಸಿಗೆ, ಮಕ್ಕಳ ಹೇಲು ತುಂಬಿದ ಚಡ್ಡಿ, ಸೂಜಿ, ಬ್ಯಾಟರಿ, ಸತ್ತ ನಾಯಿ. ಎಲ್ಲವೂ ಒಂದರ ಮೇಲೊಂದು.

ಮಳೆ ಬರಲಿ ಬಿಡಲಿ, ಆ ಗುಡ್ಡ ಬೆವರುತ್ತದೆ. ಬೆವರಿನ ಬಣ್ಣ ಹಾಲು ಹಾಕದ ಚಹದ ಬಣ್ಣ. ಅದು ಗುಡ್ಡದ ಬುಡದಲ್ಲಿ ತೋಡಿದ ಹೊಂಡಕ್ಕೆ ಬಂದು ನಿಲ್ಲುತ್ತದೆ. ನಾವು ಅದಕ್ಕೆ ಕರಿನೀರು ಎನ್ನುತ್ತೇವೆ. ಹೊಂಡ ತುಂಬಿ ಹೊರಗೆ ಹರಿಯಬಾರದು ಎಂದು ನಿಯಮವಿದೆ. ಹೊಂಡದ ನೀರನ್ನು ಮತ್ತೆ ಗುಡ್ಡದ ತಲೆಗೆ ಏರಿಸಲು ಒಂದು ಪಂಪು ಇತ್ತು. ಅದು ಸುಟ್ಟಿತು. ಹೊಸ ಪಂಪು ಬರಲಿಲ್ಲ. ಪಂಪಿನ ಜಾಗಕ್ಕೆ ನಾವು ಬಂದೆವು.

ಸೈಟಿನ ಇಂಜಿನಿಯರ್ ವಿವೇಕಾನಂದ ಕಲಬುರಗಿಯ ಹುಡುಗ. ಮುಖಕ್ಕೆ ಸದಾ ಮಾಸ್ಕು, ಕೈಯಲ್ಲಿ ಅತ್ತರು ಹಚ್ಚಿದ ಕರವಸ್ತ್ರ. ಕೆಟ್ಟವನಲ್ಲ. ಊಟ ಆಯಿತೇ ಎಂದು ಕೇಳುತ್ತಿದ್ದ, ದೂರದಿಂದ. ಮೊದಲ ದಿನ ಅವನೇ ನಮಗೆ ಕೆಲಸ ತಿಳಿಸಿ ಹೇಳಿದ.

"ಹೊಂಡದ ನೀರು ಮ್ಯಾಲ ಒಯ್ದು ಹುಯ್ಯಬೇಕ್ರಿ. ನೀರು ಕಸದಾಗ ಇಳಕೋತ ಇಳಕೋತ ಸ್ವಚ್ಛ ಆಗ್ತದ."

"ಸ್ವಚ್ಛ ಆಗಿ ಎಲ್ಲಿ ಹೋಗ್ತದ್ರಿ ಸಾಹೇಬ್ರ?" ಅತ್ತೆ ಕೇಳಿದಳು.

"ಹೊಂಡಕ್ಕ ಬರ್ತದ."

"ಹೊಂಡಕ್ಕ ಬಂದದ್ದು?"

"ಮತ್ತ ಮ್ಯಾಲ ಒಯ್ದು ಹುಯ್ಯಬೇಕು."

"ಸ್ವಚ್ಛ ಆಗಿದ್ರ ಮತ್ತ್ಯಾಕ ಒಯ್ಯಬೇಕ್ರಿ?"

"ಪೂರ್ತಿ ಆಗಿರಂಗಿಲ್ಲ."

"ಪೂರ್ತಿ ಯಾವಾಗ ಆಗ್ತದ್ರಿ?"

ಅವನು ಗುಡ್ಡವನ್ನು ಒಮ್ಮೆ ನೋಡಿದ. "ಅದು ನನ್ನ ಹಿಂದ ಬರೋ ಇಂಜಿನಿಯರ್‌ಗೆ ಗೊತ್ತಾಗ್ತದ" ಎಂದ.

ಹೊತ್ತೆವು. ಪ್ಲಾಸ್ಟಿಕ್ ಕೊಡ, ತಲೆಗೆ ಸಿಂಬಿ. ಕಾಲಿಟ್ಟಲ್ಲಿ ಕಸ ಕುಸಿಯುತ್ತದೆ. ಮೊಳಕಾಲು ಹೂತುಹೋಗುತ್ತದೆ. ಕೊಡ ತುಳುಕಿದರೆ ಕರಿನೀರು ಹಣೆಯಿಂದ ಕಣ್ಣಿಗೆ ಇಳಿಯುತ್ತದೆ. ಕಣ್ಣು ಮೆಣಸಿನಕಾಯಿ ಹಚ್ಚಿದಂತೆ ಉರಿಯುತ್ತದೆ. ಒರೆಸಿಕೊಳ್ಳಲು ಕೈ ಖಾಲಿ ಇರುವುದಿಲ್ಲ. ಕುಪ್ಪಸ ಬೆನ್ನಿಗೆ ಅಂಟುತ್ತದೆ, ಸಂಜೆ ಕಳಚಿದರೆ ಚರ್ಮವೂ ಕಿತ್ತು ಬರುತ್ತದೆ. ಸಾಬೂನು ಮುಗಿಯುತ್ತದೆ, ವಾಸನೆ ಮುಗಿಯುವುದಿಲ್ಲ. ನಮ್ಮ ಜೊತೆ ಹೊರುತ್ತಿದ್ದ ನಜ್ಮಾಳ ಕಾಲಿಗೆ ಸೂಜಿ ಚುಚ್ಚಿ, ಕಾಲು ಬಾತು, ಅವಳು ದವಾಖಾನೆ ಸೇರಿದಳು. ಆಮೇಲೆ ನಾವು ಗೇಟಿನ ಮುಂದೆ ಕೂತು ಜಗಳ ಮಾಡಿ ರಬ್ಬರ್ ಬೂಟು ಪಡೆದೆವು. ಕಂಪನಿ ನಮಗೆ ಕೊಟ್ಟದ್ದು ಅದೊಂದೇ.

ನೀರು ಗುಡ್ಡದೊಳಗೆ ನೆಟ್ಟಗೆ ಇಳಿಯುವುದಿಲ್ಲ. ಪ್ಲಾಸ್ಟಿಕ್ ಸಿಕ್ಕಲ್ಲಿ ತಡೆದು ಅಡ್ಡಕ್ಕೆ ಹರಿಯುತ್ತದೆ. ಬಟ್ಟೆಯ ಗಂಟು ಸಿಕ್ಕರೆ ಅಲ್ಲೇ ಹೀರಿ ಕೂರುತ್ತದೆ. ಒಂದು ಕಡೆ ಹೊಯ್ದದ್ದು ಸಂಜೆಯೊಳಗೆ ಹೊಂಡಕ್ಕೆ ಬಂದರೆ ಅದರ ಪಕ್ಕದಲ್ಲೇ ಹೊಯ್ದದ್ದು ವಾರವಾದರೂ ಬರುವುದಿಲ್ಲ. ಬಡಗಣ ಮಗ್ಗುಲಲ್ಲಿ ಹಳೆಯ ಹಾಸಿಗೆಗಳನ್ನು ಸುರಿದ ಒಂದು ಜಾಗ ಇತ್ತು. ಅಲ್ಲಿ ಹೊಯ್ದ ನೀರು ಹೊಂಡಕ್ಕೆ ಬರಲೇ ಇಲ್ಲ. ಎಷ್ಟು ಹೊಯ್ದರೂ ಗುಳುಂ. ವಿವೇಕಾನಂದನಿಗೆ ಬಲು ಖುಷಿಯಾಯಿತು.

"ಎಲ್ಲಾರೂ ಇಲ್ಲೇ ಹುಯ್ರಿ" ಎಂದ.

ಹೊಂಡ ಇಳಿಯಿತು. ತಪಾಸಣೆಗೆ ಬಂದವರು ಹೊಂಡದ ತಳ ಕಂಡು ತಲೆದೂಗಿದರು. ಕಲಬುರಗಿಯಲ್ಲಿ ಕಂಪನಿಯವರು ವಿವೇಕಾನಂದನಿಗೆ ಶಾಲು ಹೊದಿಸಿದರು. ಅವನು ನಮಗೆಲ್ಲ ಪೇಡೆ ಹಂಚಿದ, ಕೈಗೆ ಕೈ ತಾಗದಂತೆ.

ಆಮೇಲೆ ನಮ್ಮ ಓಣಿಯ ಬೋರಿಂಗು ಕೆಟ್ಟಿತು. ಇಡೀ ಭೀಮನಗರಕ್ಕೆ ಅದೊಂದೇ ಕೈಪಂಪು. ಮೊದಲು ವಾಸನೆ ಬಂತು, ಆಮೇಲೆ ಕರಿ ಬಣ್ಣ ಬಂತು. ಅನ್ನ ಮಾಡಿದರೆ ಬೂದಿ ಬಣ್ಣ. ನನ್ನ ಮಗಳು ಸಪ್ನಾಳ ಬೆರಳ ಸಂದಿಯಲ್ಲಿ ಹುಣ್ಣಾಗಿ ಕೀವು ಸುರಿಯಿತು. ನನ್ನ ಗಂಡ ವಿಶ್ವಾಸ ಶಹಾಬಜಾರದ ಕಿರಾಣಿ ಅಂಗಡಿಯೊಂದರಲ್ಲಿ ಮೂಟೆ ಹೊರುತ್ತಾನೆ, ಗಾಜಿಪುರದಲ್ಲಿ ಸಣ್ಣ ಖೋಲಿ ಹಿಡಿದಿದ್ದಾನೆ. ಊರಿಗೆ ಬರುವಾಗ ಬಸ್ಸಿನಲ್ಲಿ ಕ್ಯಾನು ತುಂಬ ಕುಡಿಯುವ ನೀರು ತರಲು ಶುರುಮಾಡಿದ. ಕಲಬುರಗಿಯ ಕಸ ನಮಗೆ ಲಾರಿಯಲ್ಲಿ ಬರುತ್ತಿತ್ತು. ಕಲಬುರಗಿಯ ನೀರು ನನ್ನ ಗಂಡನ ಹೆಗಲ ಮೇಲೆ ಬರುತ್ತಿತ್ತು.

ಅತ್ತೆ ಮತ್ತು ನಾನು ದೌಲಪ್ಪ ಸಾವುಕಾರರ ಮನೆಗೆ ಹೋಗಿ, ಅವರ ಹೊಲದ ಬಾವಿಯಿಂದ ನೀರು ತುಂಬಿಕೊಳ್ಳುತ್ತೇವೆ ಎಂದು ಕೇಳಿದೆವು. ಅಂಗಳದಲ್ಲಿ ನಿಂತೇ ಕೇಳಿದೆವು.

"ನಿಮಗಂತ ಸರ್ಕಾರ ಬೋರಿಂಗ್ ಹಾಕ್ಸಿ ಕೊಟ್ಟದಲ್ಲ" ಎಂದರು ಸಾವುಕಾರರು. "ಅಲ್ಲೇ ಬಟ್ಟಿ ಒಗೀತೀರಿ, ಅಲ್ಲೇ ಹುಡುಗೂರ ಕುಂಡಿ ತೊಳೀತೀರಿ. ನಿಮ್ಮ ಹೊಲಸು ನಿಮಗೇ ತಿರುಗಿ ಬರಾಕತ್ತದ. ಅದಕ್ಕ ಕಂಪನಿಯವ್ರೇನ್ ಮಾಡಬೇಕು?"

ಅವರ ತಾಯಿ ಸೂಗಮ್ಮ ಒಳಗಿನಿಂದ ಮಜ್ಜಿಗೆ ತಂದರು. ಅತ್ತೆ ಅವರ ಹೊಲದಲ್ಲಿ ಕಳೆ ಕಿತ್ತು ಮುದುಕಿಯಾದವಳು. ಸೂಗಮ್ಮ ಎಂದೂ ಅವಳನ್ನು ಬರಿಗೈಲಿ ಕಳಿಸಿದವರಲ್ಲ. ಮಜ್ಜಿಗೆಯನ್ನು ಮೇಲಿನಿಂದ ಹೊಯ್ದರು. ಅತ್ತೆ ಬೊಗಸೆಯೊಡ್ಡಿ ಕುಡಿದಳು. ಅವರಿಬ್ಬರ ಸ್ನೇಹ ಅಷ್ಟು ಎತ್ತರದಿಂದ ಬೀಳುತ್ತಿತ್ತು.

ಕಲಬುರಗಿಯ ಕಂಪನಿ ಕಚೇರಿಗೂ ಹೋದೆವು. ದೊಡ್ಡ ಸಾಹೇಬ ಎಸಿ ರೂಮಿನ ಬಾಗಿಲನ್ನು ಅರ್ಧ ತೆರೆದು ಮಾತಾಡಿದ.

"ಗುಂಡಿ ತಳಕ್ಕ ದಪ್ಪನ ಪ್ಲಾಸ್ಟಿಕ್ ಹಾಳಿ ಹಾಸೀವಿ. ಒಂದು ಹನಿ ಹೊರಗ ಹೋಗಂಗಿಲ್ಲ."

"ಹಂಗಾರ ನಾವು ಹುಯ್ದ ನೀರು ಎಲ್ಲಿ ಹೋಯ್ತ್ರಿ?" ಎಂದಳು ಅತ್ತೆ.

"ಒಳಗೇ ಅದ."

"ಹೋದ ಮಳಿಗಾಲದಿಂದ ಹುಯ್ಯಾಕತ್ತೀವ್ರಿ. ಅದಕ್ಕ ಹೊಟ್ಟಿ ತುಂಬಂಗಿಲ್ಲೇನು?"

"ನೋಡು ಬಾಯಿ, ನಿಮ್ಮ ಬೋರಿಂಗ್‌ನಾಗ ಬರೋ ನೀರು ನಮ್ದೇ ಅನ್ನಾಕ ಗುರ್ತು ಏನದ? ನೀರಿನ ಮ್ಯಾಲ ಹೆಸರು ಬರದಿರ್ತದೇನು?"

ಹೊರಡುವಾಗ ಒಂದು ಕ್ಯಾಲೆಂಡರು ಕೊಟ್ಟ. ಅದರ ಮೇಲೆ ಜಲಪಾತದ ಚಿತ್ರ ಇತ್ತು.

ಆಗಲೇ ಸರ್ಕಾರ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಹಾಕುವ ಕೆಂಪು ಬಣ್ಣ ಬಂದ್ ಮಾಡಿತ್ತು. ಅದನ್ನು ತಿಂದರೆ ರೋಗ ಬರುತ್ತದಂತೆ. ಅಂಗಡಿಗಳಿಂದ ಹಿಡಿದ ಬಣ್ಣದ ಚೀಲಗಳು ಲಾರಿಯಲ್ಲಿ ನಮ್ಮಲ್ಲಿಗೆ ಬಂದವು. ಊರಿನವರು ತಿನ್ನಬಾರದ್ದು ಎಲ್ಲಿಗೆ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಹೂಳಲು ಮೆತ್ತಗಿರುವ ಜಾಗ ಎಂದು ವಿವೇಕಾನಂದ ಹಾಸಿಗೆಗಳ ಜಾಗವನ್ನೇ ತೋರಿಸಿದ. ಹೊರುವಾಗ ಚೀಲ ಹರಿದವು. ನಮ್ಮ ಅಂಗೈಗಳು ಕೆಂಪಾದವು. ತಿಕ್ಕಿದರೂ ಹೋಗಲಿಲ್ಲ. ಅದರ ಮೇಲೆ ದಿನಾ ಕರಿನೀರು ಹೊಯ್ದೆವು.

ಶ್ರಾವಣದ ಒಂದು ಬೆಳಗ್ಗೆ ನಾನು ಬೋರಿಂಗು ಹೊಡೆದೆ. ಕೆಂಪು ನೀರು ಬಂತು. ರಕ್ತವೆಂದು ಹೆದರಿ ಹಿಡಿಕೆ ಬಿಟ್ಟೆ. ಅತ್ತೆ ಬಂದು ಕೈಯಲ್ಲಿ ಹಿಡಿದು ನೋಡಿದಳು, ತನ್ನ ಅಂಗೈ ಪಕ್ಕ ಇಟ್ಟು ನೋಡಿದಳು.

"ಗೋಬಿ ಮಂಚೂರಿ" ಎಂದಳು.

ಆಮೇಲೆ ನಕ್ಕಳು. ಬಹಳ ದಿನಕ್ಕೆ ನಕ್ಕಿದ್ದಳು. "ಪಂಚಶೀಲಾ, ಗುರ್ತು ಬೇಕಂದಿದ್ನಲ್ಲ. ಬಾಟಲಿ ತುಂಬು. ಇವತ್ತೇ ಹೋಗು."

ನಾನು ಬಾಟಲಿ ತುಂಬುತ್ತಿದ್ದಾಗ ಸೂಗಮ್ಮ ಹೊಲಕ್ಕೆ ಹೊರಟಿದ್ದರು. ನಮ್ಮ ಓಣಿಯ ಹಾದಿಯಲ್ಲಿ ಅವರು ನಿಲ್ಲುವವರಲ್ಲ. ಅವತ್ತು ನಿಂತರು. ಕೆಂಪು ನೀರು ಕಲ್ಲಿನ ಮೇಲೆ ಹರಿಯುವುದನ್ನು ನೋಡಿದರು. ಚಪ್ಪಲಿ ಬಿಟ್ಟರು. ಎರಡೂ ಕೈ ಮುಗಿದರು.

"ಕೆಂಪವ್ವ ಬಂದಾಳ" ಎಂದರು. ಕಣ್ಣಲ್ಲಿ ನೀರಿತ್ತು.

"ಅಮ್ಮಾರ, ಅದು ಬಣ್ಣರಿ" ಎಂದಳು ಅತ್ತೆ.

ಅವರಿಗೆ ಕೇಳಿಸಲಿಲ್ಲ. ನಾನು ಬಸ್ಸು ಹತ್ತುವ ಹೊತ್ತಿಗೆ ಬೋರಿಂಗಿಗೆ ಅರಿಶಿನ ಬಿದ್ದಿತ್ತು. ಬಸ್ಸು ಅರ್ಧ ದಾರಿ ಮುಟ್ಟುವ ಹೊತ್ತಿಗೆ ವಿಡಿಯೊ ಎಲ್ಲರ ಮೊಬೈಲಿನಲ್ಲಿತ್ತು. ನನ್ನ ಕೈಯ ಬಾಟಲಿ ಕಂಡ ಹೆಂಗಸೊಬ್ಬಳು ಕೇಳಿದಳು, "ಕಮಲಾಪುರದ್ದೇನ್ರಿ?" ನಾನು ಹೌದೆಂದೆ. ತಪ್ಪಾಯಿತು. ಇದು ಕಸದ ನೀರು ಎಂದು ಕೂಗಿದೆ. ಯಾರೂ ಕೇಳಲಿಲ್ಲ. ಬಾಟಲಿ ಸೀಟಿನಿಂದ ಸೀಟಿಗೆ ಹೋಯಿತು. ಕಂಡಕ್ಟರ್ ಕೊನೆಯ ಹನಿಯನ್ನು ಕಣ್ಣಿಗೆ ಒತ್ತಿಕೊಂಡು ಟಿಕೆಟ್ ಹರಿದ. ಜಗತ್ ಸರ್ಕಲ್ಲಿನಲ್ಲಿ ಇಳಿದಾಗ ನನ್ನ ಕೈಯಲ್ಲಿ ಖಾಲಿ ಬಾಟಲಿ.

ಆದರೂ ಕಚೇರಿಗೆ ಹೋದೆ. ದೊಡ್ಡ ಸಾಹೇಬ ಮೊದಲ ಸಲ ಬಾಗಿಲನ್ನು ಪೂರ್ತಿ ತೆರೆದ. ಅವನ ಮೊಬೈಲಿನಲ್ಲೂ ಅದೇ ವಿಡಿಯೊ.

"ನೀವು ಅಲ್ಲಿಯವರಲ್ಲೇನು?" ಎಂದ. "ಮುಂದಿನ ಸಲ ಬರೋವಾಗ ಒಂದು ಬಾಟಲಿ ತರ್ರಿ. ಮನ್ಯಾಗ ಕೇಳಾಕತ್ತಾರ."

ಊರಿಗೆ ತಿರುಗಿ ಬಂದರೆ ನಮ್ಮ ಬೋರಿಂಗು ನಮ್ಮದಾಗಿರಲಿಲ್ಲ. ಸುತ್ತ ಬಿದಿರು ಕಟ್ಟಿದ್ದರು. ಆಮೇಲೆ ತಗಡಿನ ಬೇಲಿ ಬಂತು, ಹುಂಡಿ ಬಂತು, ಮೈಕು ಬಂತು. ದೌಲಪ್ಪ ಸಾವುಕಾರರು ಸಮಿತಿಯ ಅಧ್ಯಕ್ಷರಾದರು. ಬಾಗಿಲಿಗೆ ಬೋರ್ಡು ಹಾಕಿದರು: 'ಶುದ್ಧತೆ ಕಾಪಾಡಿ. ಸ್ಥಳೀಯರಿಗೆ ಪ್ರವೇಶವಿಲ್ಲ.' ಸ್ಥಳೀಯರು ಎಂದರೆ ಯಾರು ಎಂದು ಬರೆದಿರಲಿಲ್ಲ. ಬರೆದರೆ ಕೇಸಾಗುತ್ತದೆ. ಬಾಗಿಲಲ್ಲಿ ಕೂತವನು ಆಧಾರ್ ಕಾರ್ಡು ನೋಡುತ್ತಿದ್ದ. ಬೀದರಿನವರು ಒಳಗೆ, ಸೊಲ್ಲಾಪುರದವರು ಒಳಗೆ, ಭೀಮನಗರದವರು ಹೊರಗೆ.

ಸಾವುಕಾರರು ಅತ್ತೆಯನ್ನು ಕರೆದು ಸಮಾಧಾನವಾಗಿಯೇ ಹೇಳಿದರು. "ನೀವು ಕಸದಾಗ ಕೈ ಹಾಕೋ ಮಂದಿ. ಅದೇ ಕೈಲೆ ಮುಟ್ಟಿದ್ರ ನೀರು ಮೈಲಿಗಿ ಆಗ್ತದ. ಅವ್ವ ಮುನಸ್ತಾಳ. ನಿಮಗಂತ ಟ್ಯಾಂಕರ್ ತರಸ್ತೀನಿ."

"ಸಾವುಕಾರ್ರ, ನಿಮ್ಮ ಅವ್ವನ್ನ ತಲಿಮ್ಯಾಲ ಹೊತ್ತು ತರೋರೇ ನಾವು" ಎಂದಳು ಅತ್ತೆ.

ಅವತ್ತು ಅವರಿಗೆ ಆ ಮಾತು ತಿಳಿಯಲಿಲ್ಲ. ಬಣ್ಣ ತೆಳುವಾಗತೊಡಗಿದಾಗ ತಿಳಿಯಿತು. ವಿವೇಕಾನಂದ ಎಲ್ಲವನ್ನೂ ಹೇಳಿರಬೇಕು. ಒಂದು ಮಧ್ಯಾಹ್ನ ಸಾವುಕಾರರು ಮೂಗಿಗೆ ಟವಲು ಹಿಡಿದು ಗುಡ್ಡದ ಬುಡಕ್ಕೆ ಬಂದರು. ಹಿಂದೆ ಟಂಟಂ ಗಾಡಿಯಲ್ಲಿ ಕೆಂಪು ಬಣ್ಣದ ಚೀಲ. ಬಂದ್ ಆದ ಮಾಲು ಎಲ್ಲಿ ಸಿಗುತ್ತದೆ ಎಂದು ಅವರಿಗೆ ಗೊತ್ತಿತ್ತು.

"ಇದನ್ನ ಅಲ್ಲೇ ಹಾಕಿ, ಮ್ಯಾಲ ನೀರು ಹುಯ್ರಿ" ಎಂದರು.

"ಗೊತ್ತಿದ್ದೂ ಮಂದಿಗಿ ಕುಡಸ್ತೀರೇನ್ರಿ?" ಎಂದಳು ಅತ್ತೆ.

ಸಾವುಕಾರರು ಸಿಟ್ಟಾಗಲಿಲ್ಲ. ಅವರು ಆ ಮಾತಿಗೆ ಉತ್ತರವನ್ನು ರಾತ್ರಿಯೆಲ್ಲ ಯೋಚಿಸಿಕೊಂಡೇ ಬಂದಿದ್ದರು. "ಗಂಗಿನೂ ಎಲ್ಲೆಲ್ಲೋ ಹಾದು ಬರ್ತಾಳ. ನೀರು ಇಳಕೋತ ಇಳಕೋತ ಸ್ವಚ್ಛ ಆಗ್ತದ."

ನಾನು ವಿವೇಕಾನಂದನನ್ನು ನೋಡಿದೆ. ಅವನು ಮಾಸ್ಕು ಸರಿಮಾಡಿಕೊಂಡ.

ಹೊತ್ತೆವು. ಬೇರೆ ಕೂಲಿ ಇರಲಿಲ್ಲ. ಮಂಗಳವಾರ, ಶುಕ್ರವಾರ ಜನ ಜಾಸ್ತಿ. ಅದರ ಹಿಂದಿನ ದಿನ ನಮಗೆ ಹೊರೆ ಜಾಸ್ತಿ. ಮೇಲೆ ನಾವು ಹೊಯ್ಯುತ್ತಿದ್ದೆವು, ಕೆಳಗೆ ಅವರು ಆರತಿ ಎತ್ತುತ್ತಿದ್ದರು. ನಡುವೆ ಗುಡ್ಡ ತನ್ನ ಕೆಲಸ ಮಾಡುತ್ತಿತ್ತು.

ಸೂಗಮ್ಮ ದಿನಾ ಒಂದು ತಂಬಿಗೆ ಕುಡಿಯುತ್ತಿದ್ದರು. ಸೊರಗಿದರು. ವಾಂತಿ ಹತ್ತಿತು. ಒಂದು ದಿನ ಬೇಲಿಯ ಹೊರಗೆ ಕಲ್ಲಿನ ಮೇಲೆ ಕೂತು ಓಕರಿಸುತ್ತಿದ್ದರು. ಅತ್ತೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾರ, ಕುಡಿಬ್ಯಾಡ್ರಿ. ಅದು ವಿಷ ಅದ."

"ಪಾಪ ಹೊರಗ ಬೀಳಾಕತ್ತದ, ಪುತಳಾ."

"ಪಾಪ ಅಲ್ರಿ. ಊರ ಹೊಲಸು. ನಾನೇ ಹೊತ್ತು ಹುಯ್ದೀನಿ. ಇಲ್ಲಿ ನೋಡ್ರಿ." ಅತ್ತೆ ಕೆಂಪು ಅಂಗೈ ತೋರಿಸಿದಳು.

ಸೂಗಮ್ಮ ಅಂಗೈಗಳನ್ನು ನೋಡಿದರು. ಮುಖ ಅರಳಿತು. "ನಿನಗೂ ಗುರ್ತು ಹಾಕ್ಯಾಳಲ್ಲ ತಾಯಿ. ಆಕಿಗಿ ಜಾತಿ ಇಲ್ಲ ನೋಡು."

ಅತ್ತೆ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. "ನಿಜ ಹೇಳಿದ್ರೂ ಆಕಿ ಕಿವ್ಯಾಗ ಅದು ದೇವರಾಗ್ತದಲ್ಲ" ಎಂದಳು.

ಅಲ್ಲಿ ಗುಡಿ ಕಟ್ಟುವುದೆಂದಾಯಿತು. ಅಡಿಗಲ್ಲು ಹಾಕಲು ಕಲಬುರಗಿಯಿಂದ ದೊಡ್ಡ ಮನುಷ್ಯರೊಬ್ಬರು ಬರುವವರಿದ್ದರು. ಹಿಂದಿನ ದಿನ ಸಾವುಕಾರರು ಹೊಸ ಚೀಲಗಳನ್ನು ಇಳಿಸಿದರು. ನಾವು ಆಗಲೇ ಕೊಡ ತುಂಬಿ ತಲೆಗೇರಿಸಿದ್ದೆವು.

"ತಡೀರಿ" ಎಂದರು ಸಾವುಕಾರರು. "ಇದು ನಾಳಿನ ತೀರ್ಥ. ಎಲ್ಲಾರೂ ತಲಿಮ್ಯಾಲ ನೀರು ಹಾಕ್ಕೊಂಡು, ಒದ್ದಿ ಸೀರಿ ಉಟ್ಟು ಬರ್ರಿ. ಬೂಟು ಬಿಚ್ಚಿ ಏರ್ರಿ."

ನಜ್ಮಾ ತನ್ನ ಕಾಲು ನೋಡಿಕೊಂಡಳು. ಸೂಜಿ ಚುಚ್ಚಿದ ಕಾಲು ಇನ್ನೂ ದಪ್ಪಗಿತ್ತು.

"ಬೂಟು ಬಿಚ್ಚಂಗಿಲ್ರಿ" ಎಂದಳು ಅತ್ತೆ.

"ಬೂಟು ಹಾಕ್ಕೊಂಡು ತೀರ್ಥ ಹೊರತಾರೇನು? ಮಡಿ ಬ್ಯಾಡೇನು?"

ಅತ್ತೆ ಕೊಡವನ್ನು ತಲೆಯಿಂದ ಇಳಿಸಿದಳು. ಅವಸರ ಮಾಡಲಿಲ್ಲ. ನೆಲಕ್ಕಿಟ್ಟಳು. ಸಿಂಬಿ ಬಿಚ್ಚಿ ಬಟ್ಟೆ ಜಾಡಿಸಿದಳು.

"ಬೋರಿಂಗ್ ನಮ್ದು, ಮುಟ್ಟಬ್ಯಾಡ ಅಂದ್ರಿ. ಹೊಲಸು ನಿಮ್ದು, ಹೊರ್ರಿ ಅಂದ್ರಿ. ಈಗ ಹೊಲಸು ಹೊರಾಕೂ ನಾವು ಮಡಿ ಆಗ್ಬೇಕೇನು? ಹೊರಂಗಿಲ್ಲ. ತೀರ್ಥನೂ ಹೊರಂಗಿಲ್ಲ, ಹೊಲಸೂ ಹೊರಂಗಿಲ್ಲ."

"ಹಮೇ ಬೀ ನೈ ಉಠಾತೇ, ನಾವೂ ಹೊರಂಗಿಲ್ಲ" ಎಂದು ನಜ್ಮಾ ಕೊಡ ಇಳಿಸಿದಳು. ನಾನು ಇಳಿಸಿದೆ. ಎಲ್ಲರೂ ಇಳಿಸಿದರು.

ಸಾವುಕಾರರು ಬೈದರು. ಕೆಲಸದಿಂದ ತೆಗೆಸುತ್ತೇನೆ ಎಂದರು. ಟ್ಯಾಂಕರ್ ನಿಲ್ಲಿಸುತ್ತೇನೆ ಎಂದರು. ಆಮೇಲೆ ದನಿ ಇಳಿಸಿ, ಇವತ್ತೊಂದು ದಿನ ಹೊರಿರಿ ಎಂದರು. ನಾವು ಬೇವಿನ ಮರದ ನೆರಳಲ್ಲಿ ಕೂತೆವು. ಬೇರೆ ಆಳು ಕರೆಸುವಂತಿರಲಿಲ್ಲ. ಕರೆಸಿದರೆ ಗುಟ್ಟು ಊರಿಗೆ ತಿಳಿಯುತ್ತದೆ. ಹೊತ್ತು ಇಳಿಯುತ್ತಿತ್ತು.

ಕೊನೆಗೆ ದೌಲಪ್ಪ ಸಾವುಕಾರರು ಧೋತರದ ಚುಂಗು ಸಿಕ್ಕಿಸಿಕೊಂಡು ಕೊಡ ಎತ್ತಿದರು. ವಿವೇಕಾನಂದನೂ ಎತ್ತಿದ. ಸಾವುಕಾರರ ಹಣೆಯ ವಿಭೂತಿಯ ಮೇಲೆ ಕರಿನೀರು ಇಳಿಯಿತು. ಅವರು ನಾಲ್ಕು ಹೆಜ್ಜೆಗೊಮ್ಮೆ ಹೂತರು. ವಿವೇಕಾನಂದ ಮಾಸ್ಕಿನೊಳಗೇ ವಾಂತಿ ಮಾಡಿಕೊಂಡ. ನಾವು ನಗಲಿಲ್ಲ. ಆ ಹೊರೆಯ ಭಾರ ನಮಗೆ ಗೊತ್ತಿತ್ತು.

"ಸಿಂಬಿ ನಡುವ ಇಟ್ಕೋರಿ ಸಾವುಕಾರ್ರ. ಕುತ್ತಿಗಿ ಉಳಕ್ತದ" ಎಂದು ಅತ್ತೆ ಕೂತಲ್ಲಿಂದಲೇ ಹೇಳಿದಳು.

ಕತ್ತಲಾಗುವ ತನಕ ಹೊತ್ತರು. ಇಬ್ಬರು ಗಂಡಸರು ಸೇರಿ ನಜ್ಮಾ ಒಬ್ಬಳು ಹೊರುವಷ್ಟೂ ಹೊರಲಾಗಲಿಲ್ಲ. ಬಣ್ಣ ಕೆಳಗಿಳಿಯಲು ಅಷ್ಟು ನೀರು ಸಾಲದು.

ಮರುದಿನ ಪೆಂಡಾಲು, ಬಾಜಾ ಭಜಂತ್ರಿ, ಕಾರುಗಳು. ಭೀಮನಗರದವರೆಲ್ಲ ಬೇಲಿಯ ಹೊರಗೆ ನಿಂತಿದ್ದೆವು. ದೊಡ್ಡ ಮನುಷ್ಯರು ಬೋರಿಂಗು ಹೊಡೆದರು. ಕೆಂಪು ಬರಲಿಲ್ಲ. ಕರಿದು ಬಂತು. ಮೊದಲಿನ ಹಾಗೆ, ದಪ್ಪಗೆ, ನಾರುತ್ತ ಬಂದು ಅವರ ಬಿಳಿ ಅಂಗಿಗೆ ಸಿಡಿಯಿತು. ಬಾಜಾ ನಿಂತಿತು. ದೌಲಪ್ಪ ಸಾವುಕಾರರು ಉಳುಕಿದ ಕುತ್ತಿಗೆಯನ್ನು ಹಿಡಿದುಕೊಂಡು ನೆಲ ನೋಡಿದರು.

ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಯಾರೋ ಕೂಗಿದರು. "ಕಾಳವ್ವ. ಕಾಳವ್ವ ಆಗಿ ಬಂದಾಳ."

ಕೈಗಳು ಮುಗಿದವು. ದೊಡ್ಡ ಮನುಷ್ಯರು ಅಂಗಿಯ ಮೇಲಿನ ಕರಿಯನ್ನು ಬೆರಳಿಂದ ತೆಗೆದು ಹಣೆಗೆ ಹಚ್ಚಿಕೊಂಡರು. ಬಾಟಲಿಗಳು ಮುಂದೆ ಬಂದವು. ಮೊದಲ ತೀರ್ಥ ಸೂಗಮ್ಮನವರಿಗೆ ಎಂದರು. ಅವರು ತಂಬಿಗೆ ಹಿಡಿದು ತುಂಬಿಸಿಕೊಂಡರು. ಬಾಯಿಯ ಹತ್ತಿರ ಒಯ್ದರು.

ಅತ್ತೆ ಬೇಲಿಯ ತಗಡನ್ನು ಸರಿಸಿ ಒಳಗೆ ಹೋದಳು. ಬೂಟುಗಾಲಲ್ಲೇ ಹೋದಳು. ಅಡ್ಡ ಬಂದ ಕಾವಲಿನವನು ಅವಳನ್ನು ಮುಟ್ಟಲಾರದೆ ಹಿಂದೆ ಸರಿದ. ಅವಳು ಬೋರಿಂಗಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಳು. ಆಮೇಲೆ ಸೂಗಮ್ಮನವರ ತಂಬಿಗೆಯನ್ನು ಹಿಡಿದಳು. ಅಷ್ಟು ವರ್ಷದಲ್ಲಿ ಅವರ ಮನೆಯ ಪಾತ್ರೆಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ನಾ ಪುತಳಾಬಾಯಿ, ಭೀಮನಗರದಾಕಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಬೋರಿಂಗ್ ಮುಟ್ಟೀನಿ. ತಂಬಿಗಿ ಮುಟ್ಟೀನಿ. ನೀರು ಮೈಲಿಗಿ ಆಯ್ತು. ಇನ್ನ ಕುಡೀರಿ."

ಯಾರೂ ಕುಡಿಯಲಿಲ್ಲ. ವಿಷ ಎಂದಾಗ ಕೇಳದವರು, ಹೊಲಸು ಎಂದಾಗ ಕೇಳದವರು, ಮೈಲಿಗೆ ಎಂದ ಕೂಡಲೇ ಕೇಳಿದರು. ಬಾಟಲಿಗಳು ನೆಲಕ್ಕೆ ಬೋರಲಾದವು. ದೊಡ್ಡ ಮನುಷ್ಯರು ಹಣೆ ಒರೆಸಿಕೊಂಡರು. ಸೂಗಮ್ಮನವರ ಕೈಯಿಂದ ತಂಬಿಗೆ ಜಾರಿ ಬಿತ್ತು.

"ನನ್ನ ದೇವರನ್ನ ಕಸ್ಕೊಂಡಿ ಪುತಳಾ" ಎಂದರು ಅವರು.

ಅತ್ತೆ ಬಿದ್ದ ತಂಬಿಗೆಯನ್ನು ಎತ್ತಿ ಕಲ್ಲಿನ ಮೇಲಿಟ್ಟಳು.

ನಮ್ಮನ್ನು ಠಾಣೆಗೆ ಕರೆದೊಯ್ದರು. ಜಮಾದಾರ ಸಾಯಬಣ್ಣ ಪೆನ್ನು ತೆಗೆದ. ದೌಲಪ್ಪ ಸಾವುಕಾರರು ಕುರ್ಚಿಯಲ್ಲಿ, ವಿವೇಕಾನಂದ ಪಕ್ಕದಲ್ಲಿ, ನಾವು ನಿಂತಿದ್ದೆವು.

"ಈಕಿ ಮುಟ್ಟಿ ನೀರು ಮೈಲಿಗಿ ಮಾಡ್ಯಾಳ. ಬರ್ಕೋರಿ" ಎಂದರು ಸಾವುಕಾರರು.

"ಹಂಗ ಬರದ್ರ ನಾ ನಿಮ್ಮನ್ನೇ ಒಳಗ ಹಾಕಬೇಕಾಗ್ತದ ಸಾವುಕಾರ್ರ. ಜಾಮೀನೂ ಸಿಗಂಗಿಲ್ಲ."

ಸಾವುಕಾರರು ಯೋಚಿಸಿದರು. "ಹಂಗಾರ ಮಂದಿ ಕುಡಿಯೋ ನೀರು ಕೆಡಿಸ್ಯಾಳ ಅಂತ ಬರ್ಕೋರಿ."

"ಅದಕ್ಕೊಂದು ಕಲಮ್ ಅದ" ಎಂದ ಜಮಾದಾರ. "ಆದ್ರ ನೀರು ಕೆಟ್ಟದ ಅಂತ ಸಾಬೀತಾಗ್ಬೇಕು. ಬಾಟಲಿಗಿ ತುಂಬಿ, ಸೀಲ್ ಮಾಡಿ, ತಪಾಸಿಗಿ ಕಳಸ್ತೀವಿ."

ವಿವೇಕಾನಂದ ಎದ್ದು ನಿಂತ. "ತಪಾಸ್ ಬ್ಯಾಡ್ರಿ" ಎಂದು ಸಾವುಕಾರರ ಕಿವಿಯಲ್ಲಿ ಏನೋ ಹೇಳಿದ. ಸಾವುಕಾರರ ಮುಖ ಬದಲಾಯಿತು. "ಹೋಗ್ಲಿ ಬಿಡ್ರಿ. ಪಾಪ, ಮುದುಕಿ. ನಾ ಫಿರ್ಯಾದಿ ವಾಪಸ್ ತಗೋತೀನಿ. ಹೋಗು ಪುತಳಾಬಾಯಿ, ಮನಿಗಿ ಹೋಗು."

ಅತ್ತೆ ಹೋಗಲಿಲ್ಲ. ಠಾಣೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಯಾಕ ವಾಪಸ್ ತಗೋತೀರಿ? ನಾನೇ ಕೆಡಿಸೀನಿ. ಊರು ಮಂದಿ ನೋಡ್ಯಾರ. ಬರ್ಕೋರಿ ಜಮಾದಾರ್ರ."

"ಬಾಯಿ, ಕೇಸ್ ನಿನ್ನ ಮ್ಯಾಲ ಆಗ್ತದ. ತಿಳೀತದಿಲ್ಲ?"

"ತಿಳೀತದ್ರಿ. ನೀರು ತಪಾಸ್ ಆಗೋ ಕೇಸ್ ಯಾವುದದ, ಅದನ್ನೇ ಹಾಕ್ರಿ. ಹಾಕೋತನಕ ಏಳಂಗಿಲ್ಲ."

ಸಾವುಕಾರರು ಬೇಡಿಕೊಂಡರು. ವಿವೇಕಾನಂದ ಹೊಸ ಪಂಪು ತರಿಸುತ್ತೇನೆ ಎಂದ. ಜಮಾದಾರ ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿ, ಮತ್ತೆ ಕೆಳಗಿಟ್ಟ. ಆಮೇಲೆ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದ, "ನಮ್ಮ ಮನ್ಯಾಗೂ ಕುಡದಾರ. ಹುಡುಗೂರೂ ಕುಡದಾವ. ಏನರ ಆಗ್ತದೇನು?"

"ತಪಾಸ್ ಮಾಡಸ್ರಿ. ಗೊತ್ತಾಗ್ತದ" ಎಂದಳು ಅತ್ತೆ.

ಜಮಾದಾರ ಬರೆಯಲು ಶುರುಮಾಡಿದ.

ಈಗ ಕಲಬುರಗಿ ಕೋರ್ಟಿನಲ್ಲಿ ತಾರೀಖು ನಡೆದಿವೆ. ನೀರಿನಲ್ಲಿ ಸೀಸ ಇದೆ, ಬಣ್ಣ ಇದೆ, ಕಸದಲ್ಲಿ ಇರುವ ಎಲ್ಲವೂ ಇದೆ ಎಂದು ತಪಾಸಿನಲ್ಲಿ ಬಂದಿದೆ. ಇಷ್ಟೆಲ್ಲ ಬೆರೆಸಿದ ಆರೋಪಿ ಒಬ್ಬಳೇ, ನನ್ನ ಅತ್ತೆ, ಎರಡು ಅಂಗೈಯಿಂದ. ಬೋರಿಂಗಿಗೆ ಬೀಗ ಹಾಕಿದ್ದಾರೆ. ತಪಾಸಿನ ಮಾತು ಹೊರಬಿದ್ದ ಮೇಲೆ ನಮ್ಮ ಓಣಿಗೆ ಊರ ನಲ್ಲಿಯ ಪೈಪು ಬಂತು. ಸಪ್ನಾಳ ಬೆರಳ ಹುಣ್ಣು ಒಣಗಿದೆ. ಸೂಗಮ್ಮನವರ ವಾಂತಿ ನಿಂತಿದೆ. ಅತ್ತೆ ಎದುರಾದರೆ ಅವರು ಹಾದಿ ಬದಲಿಸುತ್ತಾರೆ. ಅತ್ತೆ ಅವರು ಹೋದ ಹಾದಿಯನ್ನು ನೋಡುತ್ತ ನಿಲ್ಲುತ್ತಾಳೆ.

ಗುಡ್ಡ ಇನ್ನೂ ಬೆವರುತ್ತಿದೆ. ಹೊಂಡ ತುಂಬಿ ಹರಿಯುತ್ತಿದೆ. ಹೊರಲು ಯಾರೂ ಹೋಗುತ್ತಿಲ್ಲ.

ಪ್ರತಿ ತಾರೀಖಿಗೂ ಕಂಪನಿಯ ವಕೀಲ ನಮ್ಮನ್ನು ಕೋರ್ಟಿನ ಕ್ಯಾಂಟೀನಿಗೆ ಕರೆದು ಚಹ ಕೊಡಿಸುತ್ತಾನೆ. ಒಬ್ಬ ಮುದುಕಿಯ ಕೈಯಿಂದ ಇಷ್ಟು ಸೀಸ ಬಂದದ್ದು ಹೇಗೆ ಎಂದು ಜಡ್ಜ್ ಸಾಹೇಬರು ಕೇಳತೊಡಗಿದ್ದಾರೆ. ಕೇಸು ಮುಗಿದರೆ ಸಾಕಾಗಿದೆ ಅವನಿಗೆ.

"ಪುತಳಾಬಾಯಾರ, ನಿಮ್ಮನ್ನ ಬಿಡಸ್ತೀನ್ರಿ" ಎನ್ನುತ್ತಾನೆ. "ನೀವು ಒಂದೇ ಮಾತು ಹೇಳ್ರಿ. ಆ ದಿನ ನಾ ಬೋರಿಂಗ್ ಮುಟ್ಟೇ ಇಲ್ಲ ಅನ್ರಿ. ಸಾಕು."

ಅತ್ತೆ ಚಹದ ಲೋಟವನ್ನು ಮೇಜಿನ ಮೇಲೆ ಇಡುತ್ತಾಳೆ.

"ಮುಟ್ಟೀನ್ರಿ" ಎನ್ನುತ್ತಾಳೆ. "ಯಾರು ಕೇಳಿದ್ರೂ ಮುಟ್ಟೀನಿ ಅಂತೇ ಹೇಳ್ತೀನಿ."